ಡಬ್ಬಿ ಆಮೇಲೆ, ಕುರ್ಚಿ ಮೊದಲು: 65 ದಾಟಿದ ಅಪ್ಪ ಅಮ್ಮನಿಗೆ ಊಟ, ಮಾತ್ರೆ, ವ್ಯಾಯಾಮ ಹೊಂದಿಸುವ ಬಗೆ

ಅಮ್ಮನಿಗೆ 71. ತಿಪಟೂರಿನ ಪಕ್ಕದ ಊರಲ್ಲಿದ್ದಾಳೆ. ಕಳೆದ ವರ್ಷ ಗೌರಿ ಹಬ್ಬಕ್ಕೆ ಹೋದಾಗ ಅವಳು ಪ್ಲಾಸ್ಟಿಕ್ ಕುರ್ಚಿಯಿಂದ ಏಳುವುದನ್ನು ನೋಡಿದೆ. ಎಡಗೈ ಕುರ್ಚಿ ಮೇಲೆ, ಬಲಗೈ ಮಂಡಿ ಮೇಲೆ. ಒಂದು ಸಲ ಮುಂದಕ್ಕೆ ತೂಗಿದಳು, ಸಾಲಲಿಲ್ಲ, ಇನ್ನೊಂದು ಸಲ ತೂಗಿ "ಶಿವನೇ" ಅಂತ ಎದ್ದಳು. ಅಷ್ಟರಲ್ಲಿ ಕುರ್ಚಿ ಒಂದು ಗೇಣು ಹಿಂದಕ್ಕೆ ಜರುಗಿತ್ತು. "ಏನಾಯ್ತಮ್ಮ?" ಅಂದರೆ "ಏನಿಲ್ಲ ಕಣೇ, ವಯಸ್ಸಾಗಲ್ವಾ" ಅಂದಳು.

ಫ್ರಿಡ್ಜ್ ಮೇಲೆ ಮಾತ್ರ ಶಕ್ತಿ ಬರಲಿ ಅಂತ ಹಾಲಿಗೆ ಕಲಸಿ ಕುಡಿಯುವ ಪುಡಿಯ ಮೂರು ಡಬ್ಬಿ ಸಾಲಾಗಿ ಕೂತಿದ್ದವು. ಒಂದು ನಾನು ಕಳಿಸಿದ್ದು, ಒಂದು ಅಣ್ಣ ತಂದಿದ್ದು, ಇನ್ನೊಂದು ಚಿಕ್ಕಮ್ಮ ಯಾವುದೋ ಜಾಹೀರಾತು ನೋಡಿ ಕೊಟ್ಟಿದ್ದು. ಮೂರರ ಬೆಲೆ ಕೂಡಿಸಿದರೆ ಐದು ಸಾವಿರ ಮೀರುತ್ತಿತ್ತು. ಐದು ಸಾವಿರದ ಪುಡಿ ಕುಡಿದೂ ಕುರ್ಚಿಯಿಂದ ಏಳಲು ಆಗುತ್ತಿಲ್ಲ ಅಂದರೆ ಎಲ್ಲೋ ಲೆಕ್ಕ ತಪ್ಪಿದೆ ಅಂತ ಅವತ್ತು ಅನ್ನಿಸಿತು.

ತಪ್ಪಿದ್ದು ಕ್ರಮ. 1994ರಲ್ಲಿ ಅಮೆರಿಕದ ಬಾಸ್ಟನ್‌ನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನಡೆದ ಒಂದು ಅಧ್ಯಯನ ಇದೆ. 100 ಜನ, ಸರಾಸರಿ ವಯಸ್ಸು 87. ಕೆಲವರಿಗೆ ವಾರಕ್ಕೆ ಮೂರು ದಿನ ಕಾಲಿನ ಸ್ನಾಯುಗಳಿಗೆ ಭಾರ ಹಾಕಿ ವ್ಯಾಯಾಮ, ಕೆಲವರಿಗೆ ಬರೀ ಪೌಷ್ಟಿಕ ಪೇಯ, ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. 10 ವಾರ ಆದ ಮೇಲೆ ವ್ಯಾಯಾಮ ಮಾಡಿದವರ ಸ್ನಾಯು ಬಲ ಸರಾಸರಿ ಶೇ 113ರಷ್ಟು ಜಾಸ್ತಿಯಾಗಿತ್ತು, ಅಂದರೆ ದುಪ್ಪಟ್ಟಿಗಿಂತ ಹೆಚ್ಚು. ಬರೀ ಪೇಯ ಕುಡಿದವರ ನಿಶ್ಶಕ್ತಿ ಇದ್ದ ಹಾಗೇ ಇತ್ತು. 87ರಲ್ಲಿ ಇಷ್ಟಾದರೆ ನಮ್ಮ 71ಕ್ಕೆ ಏನು ಕಷ್ಟ ಅಲ್ವಾ?

ಅಲ್ಲಿಂದ ಮುಂದೆ ನಾನು ಮಾಡಿದ್ದು, ತಪ್ಪು ಮಾಡಿ ಕಲಿತದ್ದು, ಎಲ್ಲವನ್ನೂ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತೇನೆ. ನಾನು ಡಾಕ್ಟರ್ ಅಲ್ಲ. ಡಾಕ್ಟರನ್ನು ಕೇಳಲೇಬೇಕಾದ ಕಡೆ ಅದನ್ನೂ ಹೇಳುತ್ತೇನೆ, ಅದನ್ನು ಮಾತ್ರ ಹಾರಿಸಬೇಡಿ.

ಹೆಜ್ಜೆ 1: ಈಗ ಎಲ್ಲಿದ್ದಾರೆ ಅಂತ ಅಳೆಯಿರಿ

ಕೈಯಿಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ಒರಗಿಸಿ ಇಡಿ. ಕೂರಿಸಿ, ಎರಡೂ ಕೈ ಎದೆ ಮೇಲೆ ಅಡ್ಡ ಕಟ್ಟಿಕೊಳ್ಳಲು ಹೇಳಿ. ಪೂರ್ತಿ ಎದ್ದು ನಿಂತು ಕೂರುವುದು, ಹೀಗೆ ಐದು ಸಲ, ಆದಷ್ಟು ಬೇಗ. ಮೊಬೈಲಿನಲ್ಲಿ ಸಮಯ ನೋಡಿ. ಏಷ್ಯಾದ ಜನರಿಗೆ ಅಂತ 2019ರಲ್ಲಿ ತಜ್ಞರು ಒಪ್ಪಿಕೊಂಡ ಅಳತೆ ಪ್ರಕಾರ 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಕಾಲು ಸೋತಿದೆ ಅಂತ ಅರ್ಥ. ಅಮ್ಮನಿಗೆ ಮೊದಲ ದಿನ ಕೈ ಕಟ್ಟಿಕೊಂಡು ಒಂದು ಸಲವೂ ಏಳಲು ಆಗಲಿಲ್ಲ. ಅದನ್ನೇ ಬರೆದುಕೊಂಡೆ: "0".

ಆಮೇಲೆ ಟೈಲರ್ ಟೇಪು ತಗೊಂಡು ಮೀನಖಂಡದ ಸುತ್ತಳತೆ ನೋಡಿ, ಎಲ್ಲಿ ಜಾಸ್ತಿ ದಪ್ಪ ಇದೆಯೋ ಅಲ್ಲಿ. ಗಂಡಸರಿಗೆ 34 ಸೆಂಟಿಮೀಟರಿಗಿಂತ, ಹೆಂಗಸರಿಗೆ 33ಕ್ಕಿಂತ ಕಡಿಮೆ ಇದ್ದರೆ ಸ್ನಾಯು ಕರಗಿದೆ ಅಂತ ಅನುಮಾನ ಪಡಬೇಕು. ಕಾಲು ಊದಿಕೊಂಡಿದ್ದರೆ ಈ ಅಳತೆ ಸುಳ್ಳು ಹೇಳುತ್ತೆ, ಆಗ ಬಿಡಿ. ತೂಕವನ್ನೂ ಬರೆದಿಡಿ. ತಾವಾಗಿ ಇಳಿಸಲು ಹೋಗದೆ ಆರು ತಿಂಗಳಿಂದ ಒಂದು ವರ್ಷದೊಳಗೆ ನೂರಕ್ಕೆ ಐದು ಭಾಗ ತೂಕ ಇಳಿದಿದ್ದರೆ, ಅಂದರೆ 60 ಕೆಜಿ ಇದ್ದವರು 57ಕ್ಕೆ ಬಂದಿದ್ದರೆ, ಪುಡಿ ಗಿಡಿ ಅಂತ ಹೊತ್ತು ಕಳೆಯಬೇಡಿ. ಸೀದಾ ಡಾಕ್ಟರ್ ಹತ್ತಿರ ಹೋಗಿ.

ಕೊನೆಯದು, ಹಿಂದಿನ ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದರು? ಇದನ್ನು ನೇರವಾಗಿ ಕೇಳಿದರೆ ಯಾರೂ ಹೇಳಲ್ಲ. "ಎಲ್ಲೂ ಬಿದ್ದಿಲ್ಲ" ಅಂದ ಅಮ್ಮ, ಪಕ್ಕದ ಮನೆಯವರ ಹತ್ತಿರ ಮಾತಾಡುವಾಗ "ಬಚ್ಚಲಲ್ಲಿ ಜಾರಿ ಕೂತುಬಿಟ್ಟೆ" ಅಂತ ಹೇಳಿದ್ದು ನನ್ನ ಕಿವಿಗೆ ಬಿತ್ತು. ಅವರ ಲೆಕ್ಕದಲ್ಲಿ ಜಾರಿ ಕೂತರೆ ಬಿದ್ದ ಹಾಗಲ್ಲ.

ಹೆಜ್ಜೆ 2: ಮಾತ್ರೆಗಳನ್ನೆಲ್ಲ ಒಂದು ತಟ್ಟೆಗೆ ಹಾಕಿ

ಮನೆಯಲ್ಲಿರುವ ಎಲ್ಲ ಮಾತ್ರೆ, ಪುಡಿ, ಟಾನಿಕ್, ಲೇಹ್ಯ, "ಸುಮ್ನೆ ಒಳ್ಳೇದು ಅಂತ" ತಗೊಳ್ಳುವುದು, ಎಲ್ಲವನ್ನೂ ಒಂದು ತಟ್ಟೆಗೆ ಸುರಿದು ಫೋಟೋ ತೆಗೆಯಿರಿ. ಡಾಕ್ಟರಿಗೆ ಆ ಫೋಟೋ ತೋರಿಸಿ. ನಮ್ಮ ಮನೆಯಲ್ಲಿ ಹೀಗೆ ಸುರಿದಾಗ ಒಂದೇ ಕ್ಯಾಲ್ಸಿಯಂ ಎರಡು ಬೇರೆ ಬೇರೆ ಹೆಸರಿನಲ್ಲಿ ಸಿಕ್ಕಿತು. ಅಮ್ಮ ಎರಡನ್ನೂ ನುಂಗುತ್ತಿದ್ದಳು.

ನೋಡಬೇಕಾದ ಕೆಲವು ಜೋಡಿಗಳಿವೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ ವಿಟಮಿನ್ ಬಿ12 ಕಡಿಮೆಯಾಗಬಹುದು. ಗ್ಯಾಸ್‌ಟ್ರಿಕ್‌ಗೆ ಅಂತ ದಿನಾ ಬೆಳಿಗ್ಗೆ ಪ್ಯಾಂಟೊಪ್ರಜೋಲ್ ನುಂಗುವವರಿಗೂ ಅಷ್ಟೇ. ಎರಡನ್ನೂ ತಗೊಂಡು ಸಸ್ಯಾಹಾರಿಯೂ ಆಗಿದ್ದರೆ ಮೂರು ಕಡೆಯಿಂದ ಸೋರಿಕೆ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಗೂ ನಡುವೆ ನಾಲ್ಕು ಗಂಟೆ ಅಂತರ ಇರಬೇಕು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಹತ್ತಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಮೀನೆಣ್ಣೆ ಕ್ಯಾಪ್ಸೂಲ್ ಆಗಲಿ, ವಿಟಮಿನ್ ಕೆ ಇರುವ ಮಾತ್ರೆ ಆಗಲಿ ಕೇಳದೆ ಶುರು ಮಾಡಬಾರದು.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಕ್ರಿಯಾಟಿನಿನ್, ಸಕ್ಕರೆ, ಥೈರಾಯ್ಡ್ ಇಷ್ಟು ನೋಡಿದರೆ ಶುರು ಮಾಡಲು ಸಾಕು. ಕ್ರಿಯಾಟಿನಿನ್ ಯಾಕೆ ಅಂದರೆ ಕಿಡ್ನಿ ಹೇಗಿದೆ ಅಂತ ತೋರಿಸುವುದು ಅದೇ. ಕಿಡ್ನಿ ಸೋತವರಿಗೆ ಮುಂದೆ ಬರೆದಿರುವ ಪ್ರೋಟೀನ್ ಲೆಕ್ಕ ಹೊಂದುವುದಿಲ್ಲ, ಅವರ ಅಳತೆಯನ್ನು ಡಾಕ್ಟರೇ ಹೇಳಬೇಕು. ಕೂದಲಿಗೆ ಅಂತ ಬಯೋಟಿನ್ ತಗೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲೇ ಹೇಳಿ. ಅದು ಥೈರಾಯ್ಡ್ ರಿಪೋರ್ಟನ್ನೇ ತಿರುಗಾಮುರುಗಾ ಮಾಡಬಲ್ಲದು.

ಹೆಜ್ಜೆ 3: ಕುರ್ಚಿ

ಇಡೀ ಬರಹದಲ್ಲಿ ಒಂದೇ ಹೆಜ್ಜೆ ಮಾಡುವಷ್ಟು ಪುರುಸೊತ್ತು ನಿಮಗಿದೆ ಅನ್ನುವುದಾದರೆ ಇದನ್ನೇ ಮಾಡಿ.

ಕುರ್ಚಿ ಗೋಡೆಗೆ ಆನಿಸಿರಬೇಕು. ನೆಲ ಒಣಗಿರಬೇಕು. ಹವಾಯಿ ಚಪ್ಪಲಿ ಬೇಡ, ಬರಿಗಾಲು ಅಥವಾ ಹಿಂದೆ ಪಟ್ಟಿ ಇರುವ ಚಪ್ಪಲಿ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳಲಿ, ಪಂಚೆಯಾದರೆ ಮೇಲಕ್ಕೆ ಕಟ್ಟಲಿ. ಕುರ್ಚಿಯ ಅಂಚಿಗೆ ಸರಿದು ಕೂತು, ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಬೇಕು. ನಮ್ಮವರು ತಪ್ಪುವುದು ಇಲ್ಲೇ. ಪಾದ ಮುಂದಿಟ್ಟುಕೊಂಡು ಏಳಲು ಹೋಗುತ್ತಾರೆ, ಆಗ ಕೈ ಊರಲೇಬೇಕಾಗುತ್ತೆ. ಪಾದ ಹಿಂದೆ ಬಂದ ಮೇಲೆ ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಉಸಿರು ಬಿಡುತ್ತಾ ಏಳಬೇಕು. ಕೂರುವಾಗ ದೊಪ್ಪನೆ ಬೀಳಬಾರದು. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುತ್ತಾ ನಿಧಾನಕ್ಕೆ ಇಳಿಯಬೇಕು. ಅರ್ಧ ಕೆಲಸ ಆಗುವುದು ಇಳಿಯುವಾಗಲೇ.

ಏಳಲು ಆಗಲೇ ಇಲ್ಲವೇ? ಕುರ್ಚಿ ಎತ್ತರ ಮಾಡಿ. ಅಮ್ಮನಿಗೆ ಜಮಖಾನ ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ಗಟ್ಟಿ ದಿಂಬು ಇಟ್ಟೆ. ಆಗ ಕೈ ಕಟ್ಟಿಕೊಂಡೇ ಎದ್ದಳು, ಅವಳಿಗೇ ನಂಬಿಕೆ ಬರಲಿಲ್ಲ. ಮೊದಲ ವಾರ 5 ಸಲ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ 5. ಮುಂದೆ 8, ಆಮೇಲೆ 10ರಿಂದ 12. ಎರಡು ಸುತ್ತು 12 ಆರಾಮಾಗಿ ಆದಾಗ ದಿಂಬು ತೆಗೆದೆ, ಮತ್ತೆ 6ಕ್ಕೆ ಇಳಿದೆವು. ಇನ್ನೆರಡು ವಾರಕ್ಕೆ ಜಮಖಾನವೂ ಹೋಯಿತು. ಅದಾದ ಮೇಲೆ ಎರಡು ಕೆಜಿ ಅಕ್ಕಿ ಹಾಕಿದ ಬಟ್ಟೆ ಚೀಲವನ್ನು ಎದೆಗವಚಿಕೊಂಡು ಏಳುವುದು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು.

ಎಷ್ಟು ಕಷ್ಟ ಇರಬೇಕು? ಸುತ್ತು ಮುಗಿದಾಗ "ಇನ್ನೆರಡು ಮಾಡಬಹುದಿತ್ತೇನೋ, ಅದಕ್ಕಿಂತ ಜಾಸ್ತಿ ಆಗುತ್ತಿರಲಿಲ್ಲ" ಅನ್ನುವಷ್ಟು. ಹತ್ತು ಸಲ ಮಾಡಿ ಟಿವಿ ನೋಡುತ್ತಾ ನಗುತ್ತಿದ್ದರೆ ಅದು ವ್ಯಾಯಾಮ ಆಗಲಿಲ್ಲ. ಮಕ್ಕಳಾದ ನಾವು ಸೋಲುವುದೂ ಇಲ್ಲೇ. "ಪಾಪ, ಸಾಕು ಬಿಡಮ್ಮ" ಅಂದುಬಿಡುತ್ತೇವೆ.

ತೊಡೆ, ಪೃಷ್ಠದಲ್ಲಿ ಒಂದೆರಡು ದಿನ ಮೈಕೈ ನೋವಿನ ಥರ ನೋವಿದ್ದರೆ ಹೆದರಬೇಡಿ. ಮಂಡಿ ಊದಿದರೆ, ಅಥವಾ ಕೀಲಿನ ನೋವು ಮಾರನೇ ದಿನವೂ ಜಾಸ್ತಿಯೇ ಇದ್ದರೆ ಕುರ್ಚಿ ಎತ್ತರಿಸಿ, ಸಂಖ್ಯೆ ಇಳಿಸಿ. ಮಂಡಿ ಸವೆದಿದೆ ಅಂತ ಪೂರ್ತಿ ಬಿಡಬೇಡಿ, ತೊಡೆ ಸೋತಷ್ಟೂ ಮಂಡಿಗೇ ಭಾರ. ಎದೆ ನೋವು, ಹಿಡಿದಂತಾಗುವುದು, ತಲೆ ಸುತ್ತು, ಮಾಮೂಲಿಗಿಂತ ಜಾಸ್ತಿ ಏದುಸಿರು ಬಂದರೆ ನಿಲ್ಲಿಸಿ, ಅವತ್ತೇ ಡಾಕ್ಟರಿಗೆ ಹೇಳಿ. ಹೃದಯದ ತೊಂದರೆ ಇದ್ದವರು, ಇತ್ತೀಚೆಗೆ ಆಪರೇಷನ್ ಆದವರು ಮೊದಲೇ ಕೇಳಿ ಶುರು ಮಾಡಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಮಾಡಬಾರದು, ಪಕ್ಕದಲ್ಲಿ ಸಕ್ಕರೆ ಇರಲಿ.

ಹೆಜ್ಜೆ 4: ಉಳಿದ ವ್ಯಾಯಾಮ, ಅಡುಗೆಮನೆಯಲ್ಲೇ

ಗೋಡೆಗೆ ಕೈ ಊರಿ ದಂಡ ಹೊಡೆಯುವ ಥರ ಎದೆಯನ್ನು ಗೋಡೆ ಹತ್ತಿರ ತಂದು ಹಿಂದೆ ತಳ್ಳುವುದು. ಸುಲಭ ಆದ ಮೇಲೆ ಗೋಡೆ ಬಿಟ್ಟು ಅಡುಗೆ ಕಟ್ಟೆಗೆ. ಕಟ್ಟೆ ಹಿಡಿದು ನಿಂತು ಎರಡೂ ಹಿಮ್ಮಡಿ ಎತ್ತಿ ನಿಧಾನಕ್ಕೆ ಇಳಿಸುವುದು. ಹಾಗೇ ನಿಂತು ಒಂದೊಂದು ಕಾಲನ್ನು ಪಕ್ಕಕ್ಕೆ ಎತ್ತುವುದು. ಒಂದು ಲೀಟರ್ ನೀರಿನ ಬಾಟಲಿ ಒಂದು ಕೆಜಿ ತೂಗುತ್ತೆ. ಒಂದು ಕೈ ಕಟ್ಟೆ ಮೇಲೆ ಊರಿ, ಬೆನ್ನು ನೇರ ಇಟ್ಟು ಸ್ವಲ್ಪ ಬಾಗಿ, ಇನ್ನೊಂದು ಕೈಯಲ್ಲಿ ಬಾಟಲಿಯನ್ನು ಪಕ್ಕೆಗೆ ಎಳೆದುಕೊಳ್ಳುವುದು. ತರಕಾರಿ ಚೀಲ ಎರಡು ಕೈಯಲ್ಲೂ ಸಮ ತೂಕ ಹಾಕಿಕೊಂಡು ನಡುಮನೆಯ ಈ ಕಡೆಯಿಂದ ಆ ಕಡೆ ಓಡಾಡುವುದು. ಕುರ್ಚಿ ದಿನಗಳಲ್ಲೇ ಇವನ್ನೂ ಮಾಡಿ, ಎಲ್ಲ ಸೇರಿ ಅರ್ಧ ಗಂಟೆ.

ಸಮತೋಲನ ಬೇರೆ ಬಾಬತ್ತು. ಇದನ್ನು ದಿನಾ ಮಾಡಬಹುದು. ಕಟ್ಟೆ ಪಕ್ಕದಲ್ಲೇ ನಿಂತು ಮೊದಲು ಎರಡೂ ಪಾದ ಕೂಡಿಸಿ 10 ಸೆಕೆಂಡ್. ಆಮೇಲೆ ಒಂದು ಪಾದ ಅರ್ಧ ಮುಂದೆ. ಆಮೇಲೆ ಒಂದರ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ, ಗೆರೆ ಮೇಲೆ ನಿಂತ ಹಾಗೆ. ಕೊನೆಗೆ ಒಂಟಿ ಕಾಲು. ಬೀಳುವ ಹಾಗಾದರೆ ಹಿಡಿಯಲು ಕಟ್ಟೆ ಇರಬೇಕು, ಆದರೆ ಸುಮ್ಮನೆ ಹಿಡಿದೇ ನಿಂತರೆ ಪ್ರಯೋಜನ ಇಲ್ಲ. ಹಾಲು ಉಕ್ಕುವುದನ್ನು ಕಾಯುವ ಹೊತ್ತನ್ನು ಅಮ್ಮ ಇದಕ್ಕೆ ಇಟ್ಟುಕೊಂಡಿದ್ದಾಳೆ. ಎರಡು ಸಲ ಹಾಲು ಉಕ್ಕಿದೆ, ಹೋಗಲಿ ಬಿಡಿ. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಮನೆಯಲ್ಲೇ ಮಾಡುವ ಇಂಥ ಕಾಲಿನ ಬಲ ಮತ್ತು ಸಮತೋಲನದ ಅಭ್ಯಾಸ ರೂಪಿಸಿದ್ದರು. ಅದರಿಂದ ಬೀಳುವುದು ಮೂರರಲ್ಲಿ ಒಂದು ಪಾಲು ಕಡಿಮೆಯಾಯಿತು, 80 ದಾಟಿದವರಿಗೇ ಜಾಸ್ತಿ ಲಾಭ ಸಿಕ್ಕಿತು.

ವಾಕಿಂಗ್? ಮಾಡಲಿ, ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ವಾರಕ್ಕೆ ಕನಿಷ್ಠ 150 ನಿಮಿಷ, ಮಾತಾಡಲು ಆಗಬೇಕು ಆದರೆ ಹಾಡಲು ಉಸಿರು ಸಾಲಬಾರದು, ಅಷ್ಟು ಚುರುಕಾಗಿ. ಆದರೆ ಅದೇ ಸಂಸ್ಥೆ ವಾರಕ್ಕೆ ಎರಡು ದಿನ ಸ್ನಾಯು ಬಲದ ವ್ಯಾಯಾಮ, ಮೂರು ದಿನ ಸಮತೋಲನದ ವ್ಯಾಯಾಮವೂ ಬೇಕು ಅಂದಿದೆ. ನಮ್ಮ ಕಡೆ ಆ ಎರಡನ್ನೂ ಬಿಟ್ಟು ವಾಕಿಂಗ್ ಒಂದನ್ನೇ ಇಟ್ಟುಕೊಂಡಿದ್ದಾರೆ. ಅಪ್ಪ ಇಪ್ಪತ್ತು ವರ್ಷದಿಂದ ದಿನಾ ಬೆಳಿಗ್ಗೆ ಕೆರೆ ಏರಿ ಮೇಲೆ ನಡೆಯುತ್ತಾರೆ, ಕುರ್ಚಿ ಪರೀಕ್ಷೆಗೆ ಅವರು 14 ಸೆಕೆಂಡ್ ತಗೊಂಡರು. ಅವರಿಗೆ ಭಾರಿ ಅವಮಾನ ಆಯಿತು, ಅಮ್ಮನಿಗಿಂತ ನಿಯತ್ತಾಗಿ ಈಗ ಅವರೇ ಕುರ್ಚಿ ಮಾಡುತ್ತಿರುವುದು.

ಯೋಗ ಮಾಡುವವರು ಮುಂದುವರಿಸಲಿ. ಮೂಳೆ ಟೊಳ್ಳಾಗುವ ಕಾಯಿಲೆ (ಆಸ್ಟಿಯೋಪೊರೋಸಿಸ್) ಇದೆ ಅಂತ ಗೊತ್ತಿದ್ದರೆ ಪಶ್ಚಿಮೋತ್ತಾನಾಸನದಂತೆ ಬೆನ್ನು ಗುಂಡಗೆ ಬಾಗಿಸುವ ಆಸನ, ಜೋರಾಗಿ ತಿರುಚುವ ಆಸನ ಬೇಡ, ಬೆನ್ನುಮೂಳೆ ಕುಸಿಯಬಹುದು. ಕಣ್ಣಿನ ಒತ್ತಡ ಅಂದರೆ ಗ್ಲಾಕೋಮಾ ಇದ್ದವರು ತಲೆ ಕೆಳಗೆ ಮಾಡಬಾರದು.

ಹೆಜ್ಜೆ 5: ತಟ್ಟೆಯಲ್ಲಿ ಪ್ರೋಟೀನ್ ಎಷ್ಟಿದೆ ಅಂತ ಎಣಿಸಿ

ನಮ್ಮ ದೇಶದ ಪೌಷ್ಟಿಕತೆಯ ಅಳತೆಪಟ್ಟಿ ದೊಡ್ಡವರಿಗೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಹೇಳುತ್ತೆ. ವಯಸ್ಸಾದವರ ಸ್ನಾಯುವಿಗೆ ಅದು ಸಾಲದು, 1ರಿಂದ 1.2 ಗ್ರಾಂ ಬೇಕು ಅಂತ ವೃದ್ಧರ ಆರೋಗ್ಯದ ಬಗ್ಗೆ ಕೆಲಸ ಮಾಡುವ ಅಂತರರಾಷ್ಟ್ರೀಯ ತಜ್ಞರ ಗುಂಪುಗಳು 2013ರಿಂದ ಹೇಳುತ್ತಿವೆ. ಅಮ್ಮನ ತೂಕ 58. ಅಂದರೆ ದಿನಕ್ಕೆ 58ರಿಂದ 70 ಗ್ರಾಂ.

ಅವಳು ತಿನ್ನುತ್ತಿದ್ದದ್ದು? ಬೆಳಿಗ್ಗೆ ಎರಡು ಇಡ್ಲಿ, ಚಟ್ನಿ. ಮಧ್ಯಾಹ್ನ ಒಂದು ಮುದ್ದೆ, ಒಂದು ಹಿಡಿ ಅನ್ನ, ಸಾರು, ಮಜ್ಜಿಗೆ. ಸಂಜೆ ಕಾಫಿಗೆ ಎರಡು ಬಿಸ್ಕತ್ತು. ರಾತ್ರಿ "ಹಸಿವಿಲ್ಲ ಕಣೇ" ಅಂತ ಎರಡು ತುತ್ತು ತಿಳಿಸಾರನ್ನ, ಮೊಸರು. ಕೂಡಿಸಿ ನೋಡಿದರೆ 35 ಗ್ರಾಂ ದಾಟಲಿಲ್ಲ. ಬೇಕಾದ್ದರಲ್ಲಿ ಅರ್ಧ. ಹೊಟ್ಟೆ ತುಂಬುತ್ತಿತ್ತು, ಸ್ನಾಯುವಿಗೆ ಸಿಗುತ್ತಿರಲಿಲ್ಲ.

ಇಲ್ಲಿ ಒಂದು ಮಾತು. ನಮ್ಮ ಕಡೆ ಹುರಳಿಕಟ್ಟು, ಬೇಳೆಕಟ್ಟು ಕುಡಿದರೆ ಶಕ್ತಿ ಅಂತ ವಯಸ್ಸಾದವರಿಗೆ ಕಟ್ಟನ್ನೇ ಕೊಡುತ್ತಾರೆ. ಬಸ್ಸಾರು ಮಾಡಿದಾಗಲೂ ಅಷ್ಟೇ, ಬಸಿದ ನೀರಿನ ಸಾರು ಅಜ್ಜಿಗೆ, ಕಾಳಿನ ಪಲ್ಯ ಹುಡುಗರಿಗೆ. ಪ್ರೋಟೀನಿನ ಮುಕ್ಕಾಲುಪಾಲು ಉಳಿದಿರುವುದು ಕಾಳಿನಲ್ಲೇ. ಹಲ್ಲಿಲ್ಲ ಅಂದರೆ ಕಾಳನ್ನು ಇನ್ನೊಂದು ವಿಷಲ್ ಬೇಯಿಸಿ ಮಸೆದು ಹಾಕಿ, ಬಿಡಬೇಡಿ.

ಮನೆಯಲ್ಲಿ ಸುಲಭಕ್ಕೆ ಸಿಗುವ ಲೆಕ್ಕ ಹೀಗಿದೆ. ಒಂದು ಲೋಟ ಹಾಲಿನಲ್ಲಿ, ಅಂದರೆ 200 ಮಿಲಿಯಲ್ಲಿ, 6 ಗ್ರಾಂ ಮೇಲೆ. ಒಂದು ದೊಡ್ಡ ಬಟ್ಟಲು ಗಟ್ಟಿ ಮೊಸರಿನಲ್ಲೂ ಅಷ್ಟೇ. ಒಣ ಹೆಸರುಕಾಳು, ಕಡಲೆಕಾಳು, ಹುರಿಗಡಲೆ, ತೊಗರಿಬೇಳೆ ಯಾವುದಾದರೂ 30 ಗ್ರಾಂ ತಗೊಂಡರೆ 6ರಿಂದ 7 ಗ್ರಾಂ. ಕಡಲೆಕಾಯಿ ಬೀಜ 30 ಗ್ರಾಂಗೆ 7. ಪನೀರ್ 50 ಗ್ರಾಂಗೆ 9. ಸೋಯಾ ಚಂಕ್ಸ್ 25 ಗ್ರಾಂಗೆ 13, ಇದು ಎಲ್ಲಕ್ಕಿಂತ ಅಗ್ಗ. ಮೊಟ್ಟೆ ಒಂದಕ್ಕೆ 6. ಮೀನು, ಕೋಳಿ 100 ಗ್ರಾಂಗೆ ಸುಮಾರು 20.

ಅಮ್ಮನ ಊಟ ಬದಲಾಯಿಸಲು ಹೊಸ ಅಡುಗೆ ಏನೂ ಕಲಿಸಲಿಲ್ಲ. ಹೇಳಿದರೂ ಮಾಡುತ್ತಿರಲಿಲ್ಲ. ಇಡ್ಲಿ ವಾರಕ್ಕೆ ಎರಡು ದಿನಕ್ಕೆ ಇಳಿಯಿತು, ಉಳಿದ ದಿನ ಹೆಸರುಬೇಳೆ ದೋಸೆ, ಜೊತೆಗೆ ಒಂದು ಲೋಟ ಹಾಲು. ಮಧ್ಯಾಹ್ನ ತಿಳಿಸಾರಿನ ಜಾಗಕ್ಕೆ ಗಟ್ಟಿ ಬೇಳೆಯ ಹುಳಿ ಅಥವಾ ಕಾಳಿನ ಹುಳಿ, ಮುದ್ದೆ ಹಾಗೇ ಇದೆ. ಬಿಸ್ಕತ್ತಿನ ಡಬ್ಬಿಗೆ ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ ತುಂಬಿಸಿದೆ. ಸಂಜೆ ಕೆಲವು ದಿನ ಉಸಲಿ. ರಾತ್ರಿ ಮೊಸರು ಒಂದು ಚಮಚದ ಬದಲು ಒಂದು ಬಟ್ಟಲು. ಸೋಯಾ "ರಬ್ಬರ್ ಇದ್ದಂಗಿದೆ" ಅಂದಳು. ಪುಡಿ ಮಾಡಿ ಪಲ್ಯಕ್ಕೆ ಉದುರಿಸಿದರೆ ಗೊತ್ತೇ ಆಗಲ್ಲ. 55ರಿಂದ 60 ಗ್ರಾಂ ಹತ್ತಿರ ಬಂತು. ಒಂದೇ ಹೊತ್ತಿಗೆ ಎಲ್ಲ ತುಂಬುವುದಕ್ಕಿಂತ ಮೂರು ಹೊತ್ತಿಗೆ ಹಂಚಿ, ಅದರಲ್ಲೂ ಬೆಳಗಿನ ತಿಂಡಿಯಲ್ಲಿ ಇರುವ ಹಾಗೆ ನೋಡಿಕೊಳ್ಳಿ.

ಹೆಜ್ಜೆ 6: ಇಷ್ಟಾದ ಮೇಲೂ ಸಾಲದಿದ್ದರೆ ಪುಡಿ

ಊಟದಲ್ಲಿ ಆಗುತ್ತಿಲ್ಲ, ಬಾಯಿ ರುಚಿ ಇಲ್ಲ, ಕಾಯಿಲೆ ಬಿದ್ದು ಎದ್ದಿದ್ದಾರೆ ಅನ್ನುವವರಿಗೆ ಪ್ರೋಟೀನ್ ಪುಡಿ ನಿಜಕ್ಕೂ ಉಪಯೋಗ. ಆದರೆ ಡಬ್ಬಿಯ ಮುಂಭಾಗ ಓದಬೇಡಿ. ತಿರುಗಿಸಿ ಹಿಂದಿನ ಪಟ್ಟಿ ಓದಿ. ನಾನು ಕಳಿಸಿದ್ದ ಡಬ್ಬಿಯ ಮೇಲೆ ನಗುತ್ತಿರುವ ಅಜ್ಜ ಅಜ್ಜಿಯ ಚಿತ್ರ ಇತ್ತು. ಹಿಂದೆ ನೋಡಿದರೆ ಒಂದು ಸ್ಕೂಪಿಗೆ 4 ಗ್ರಾಂ ಪ್ರೋಟೀನ್, ಸಕ್ಕರೆ ಅದಕ್ಕಿಂತ ಜಾಸ್ತಿ. ಅದನ್ನು ಕಲಸಲು ಹಾಕುತ್ತಿದ್ದ ಹಾಲಿನಲ್ಲೇ ಹೆಚ್ಚು ಪ್ರೋಟೀನ್ ಇತ್ತು! "ಹೆಲ್ತ್ ಡ್ರಿಂಕ್" ಅನ್ನುವ ಪದವನ್ನಂತೂ ನಂಬಲೇಬೇಡಿ. ನಮ್ಮ ಆಹಾರ ಕಾನೂನಿನಲ್ಲಿ ಆ ಹೆಸರಿನ ವರ್ಗವೇ ಇಲ್ಲ ಅಂತ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ತಿಳಿಸಿತ್ತು.

ಹಾಲಿನಿಂದ ತೆಗೆದ ಪ್ರೋಟೀನಿನ ಪುಡಿಗೆ ವೇ ಅನ್ನುತ್ತಾರೆ. ಒಳ್ಳೆಯ ವೇ ಪುಡಿಯಲ್ಲಿ 25ರಿಂದ 30 ಗ್ರಾಂ ಸ್ಕೂಪಿಗೆ 20 ಗ್ರಾಂ ಮೇಲೆ ಪ್ರೋಟೀನ್ ಇರುತ್ತೆ, ಸಕ್ಕರೆ ಇಲ್ಲವೇ ಇಲ್ಲ ಅನ್ನುವಷ್ಟು. ಹೊಟ್ಟೆ ಉಬ್ಬರಿಸಿದರೆ ಐಸೊಲೇಟ್ ಅನ್ನುವ ಬಗೆ ನೋಡಿ, ಅದರಲ್ಲಿ ಹಾಲಿನ ಸಕ್ಕರೆ ಕಡಿಮೆ. ಅರ್ಧ ಸ್ಕೂಪಿನಿಂದ ಶುರು ಮಾಡಿ. ಊಟದ ಜಾಗಕ್ಕೆ ಇದನ್ನು ತರಬೇಡಿ, ಊಟದ ನಡುವೆ ಕೊಡಿ.

ಸ್ನಾಯು ಬಲಕ್ಕೆ ಅಂತ ತಗೊಳ್ಳುವ ಕ್ರಿಯಾಟಿನ್ ಪುಡಿ ಬಗ್ಗೆ ಈಗ ತುಂಬ ಜನ ಕೇಳುತ್ತಾರೆ. ಇದು ರಕ್ತ ಪರೀಕ್ಷೆಯ ಕ್ರಿಯಾಟಿನಿನ್ ಅಲ್ಲ, ಬೇರೆ. ದಿನಕ್ಕೆ 3ರಿಂದ 5 ಗ್ರಾಂ ತಗೊಂಡು ಭಾರದ ವ್ಯಾಯಾಮ ಮಾಡುವ ವಯಸ್ಸಾದವರಿಗೆ ಸ್ನಾಯು, ಬಲ ಎರಡೂ ಸ್ವಲ್ಪ ಹೆಚ್ಚು ಸಿಗುತ್ತೆ ಅನ್ನುವುದಕ್ಕೆ ಒಳ್ಳೆಯ ಆಧಾರ ಇದೆ. ವ್ಯಾಯಾಮ ಮಾಡದವರು ದುಡ್ಡು ದಂಡ ಮಾಡಬೇಡಿ. ಇದು ರಕ್ತದ ಕ್ರಿಯಾಟಿನಿನ್ ಸಂಖ್ಯೆಯನ್ನು ಮೇಲೇರಿಸುತ್ತೆ, ಹಾಗಾಗಿ ಡಾಕ್ಟರಿಗೆ ಹೇಳದೆ ತಗೊಂಡರೆ ಕಿಡ್ನಿ ಕೆಟ್ಟಿದೆ ಅಂತ ಎಲ್ಲರೂ ಗಾಬರಿ ಬೀಳುತ್ತಾರೆ. ಕಿಡ್ನಿ ತೊಂದರೆ ಇದ್ದವರಿಗೆ ಬೇಡ.

ಹೆಜ್ಜೆ 7: ಡಿ, ಬಿ12, ಕ್ಯಾಲ್ಸಿಯಂ

ವಿಟಮಿನ್ ಡಿ ವಿಷಯದಲ್ಲಿ ನಾವು ಪೆಟ್ಟು ತಿಂದಿದ್ದೇವೆ. ಡಾಕ್ಟರ್ ಅಮ್ಮನಿಗೆ 60,000 ಐಯು (ವಿಟಮಿನ್ ಅಳೆಯುವ ಮಾನ) ಪುಡಿ ಪೊಟ್ಟಣವನ್ನು ವಾರಕ್ಕೊಂದರಂತೆ 8 ವಾರ ಬರೆದುಕೊಟ್ಟಿದ್ದರು. ಎಂಟು ಮುಗಿದ ಮೇಲೂ ಅಮ್ಮ ಔಷಧಿ ಅಂಗಡಿಗೆ ಹಳೇ ಚೀಟಿ ತೋರಿಸಿ ತರಿಸುತ್ತಲೇ ಇದ್ದಳು, ಅವರು ಕೊಡುತ್ತಲೇ ಇದ್ದರು. ಏಳು ತಿಂಗಳು! ಬಾಯಿ ಒಣಗುವುದು, ಮಲಬದ್ಧತೆ, ಊಟ ಬೇಡ ಅನ್ನುವುದು ಶುರುವಾಯಿತು. "ವಯಸ್ಸಾಯ್ತಲ್ಲ" ಅಂದುಕೊಂಡೆವು. ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು. ಎರಡೆರಡು ಕ್ಯಾಲ್ಸಿಯಂ ಮಾತ್ರೆ ಬೇರೆ ಜೊತೆಗಿತ್ತಲ್ಲ. ಎಲ್ಲ ನಿಲ್ಲಿಸಿದ ಮೇಲೆ ಸರಿಹೋಯಿತು, ಇನ್ನೂ ತಡವಾಗಿದ್ದರೆ ಕಿಡ್ನಿಗೆ ಬರುತ್ತಿತ್ತು.

ಹಾಗಾಗಿ ಲೆಕ್ಕ ತಿಳಿದಿರಿ. 70 ದಾಟಿದವರಿಗೆ ಬೇಕಾದ್ದು ದಿನಕ್ಕೆ ಸುಮಾರು 800 ಐಯು. ತಿಂಗಳಿಗೊಂದು 60,000 ಅಂದರೇ ದಿನಕ್ಕೆ 2,000 ಆಯಿತು. ವಾರಕ್ಕೊಂದು ಅಂದರೆ ದಿನಕ್ಕೆ 8,500 ಮೀರುತ್ತೆ. ಅದು ಕೊರತೆ ತುಂಬಲು ಕೆಲವು ವಾರಕ್ಕೆ ಮಾತ್ರ. ರಕ್ತದಲ್ಲಿ ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ತುಂಬಿಸಬೇಕು, ಊಟದ ಜೊತೆ ಕೊಡಿ. ಕೊರತೆ ಇಲ್ಲದವರು ಮೂಳೆ ಗಟ್ಟಿಯಾಗಲಿ ಅಂತ ಸುಮ್ನೆ ತಗೊಂಡರೆ? ಅಮೆರಿಕದಲ್ಲಿ 25,871 ಜನರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 2,000 ಐಯು ಕೊಟ್ಟು ನೋಡಿದ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು, ಮೂಳೆ ಮುರಿತ ಕಡಿಮೆಯಾಗಲಿಲ್ಲ. ಆಸ್ಟ್ರೇಲಿಯಾದಲ್ಲಿ 70 ದಾಟಿದ ಹೆಂಗಸರಿಗೆ ವರ್ಷಕ್ಕೊಮ್ಮೆ ಒಂದೇ ಸಲ 5 ಲಕ್ಷ ಐಯು ಕೊಟ್ಟು ನೋಡಿದರು. ಬೀಳುವುದೂ ಮುರಿಯುವುದೂ ಜಾಸ್ತಿಯೇ ಆಯಿತು, 2010ರಲ್ಲಿ ಅದು ಪ್ರಕಟವಾಯಿತು.

ಬಿ12 ಇದಕ್ಕೆ ಉಲ್ಟಾ. ಇದನ್ನು ನಾವು ಕಡೆಗಣಿಸುತ್ತೇವೆ. ಅಂಗಾಲು ಉರಿ, ಜೋಮು, ಮರೆವು, ನಡಿಗೆಯಲ್ಲಿ ತೂರಾಟ ಎಲ್ಲವನ್ನೂ ಸಕ್ಕರೆ ಕಾಯಿಲೆ ಲೆಕ್ಕಕ್ಕೆ, ವಯಸ್ಸಿನ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ಗಿಡದಿಂದ ಬಂದ ಆಹಾರದಲ್ಲಿ ಬಿ12 ಇಲ್ಲ, ಸಸ್ಯಾಹಾರಿಗಳಿಗೆ ಹಾಲು ಮೊಸರೇ ದಾರಿ. ರಕ್ತದಲ್ಲಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಅಂತಲೇ ಲೆಕ್ಕ. ದಿನಕ್ಕೆ 1,000 ಮೈಕ್ರೋಗ್ರಾಂ ಮಾತ್ರೆಯಿಂದ ಹೆಚ್ಚಿನವರಿಗೆ ಸರಿಹೋಗುತ್ತೆ, ನರದ ತೊಂದರೆ ಕಾಣಿಸಿಕೊಂಡಿದ್ದರೆ ಡಾಕ್ಟರ್ ಇಂಜೆಕ್ಷನ್ ಹಾಕುತ್ತಾರೆ. ಬಿ12 ನೋಡದೆ ಬರೀ ಫೋಲಿಕ್ ಆಸಿಡ್ ಕೊಡಬೇಡಿ, ರಕ್ತಹೀನತೆ ಸರಿಹೋದಂತೆ ಕಂಡರೂ ಒಳಗೆ ನರ ಹಾಳಾಗುತ್ತಲೇ ಇರುತ್ತೆ.

ಕ್ಯಾಲ್ಸಿಯಂ ದಿನಕ್ಕೆ 1,000 ಮಿಲಿಗ್ರಾಂ, ಮುಟ್ಟು ನಿಂತ ಹೆಂಗಸರಿಗೆ 1,200. ನಮ್ಮ ಪುಣ್ಯಕ್ಕೆ ರಾಗಿ ಇದೆ. 100 ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂ. ಮುದ್ದೆ ತಿಂದು, ಅರ್ಧ ಲೀಟರ್ ಹಾಲು ಮೊಸರು ತಗೊಂಡು, ಎಳ್ಳು, ನುಗ್ಗೆಸೊಪ್ಪು ಆಗಾಗ ಬಳಸುವ ಮನೆಯಲ್ಲಿ ಮಾತ್ರೆಗೆ ಉಳಿಯುವ ಜಾಗ ಸ್ವಲ್ಪವೇ. ಬೇಕಿದ್ದರೂ 500 ಮಿಲಿಗ್ರಾಂ ಸಾಕು. ಮಾತ್ರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ, ಕ್ಯಾಲ್ಸಿಯಂ ಸಿಟ್ರೇಟ್ ಆದರೆ ಯಾವಾಗ ಬೇಕಾದರೂ.

ಉಳಿದವು? ಕಬ್ಬಿಣದ ಮಾತ್ರೆ ಪರೀಕ್ಷೆ ಮಾಡಿಸದೆ ಬೇಡ. ವಯಸ್ಸಾದವರಲ್ಲಿ ಕಬ್ಬಿಣ ಇಳಿದಿದೆ ಅಂದರೆ ಹೊಟ್ಟೆ ಕರುಳಲ್ಲಿ ಎಲ್ಲೋ ರಕ್ತ ಹೋಗುತ್ತಿರಬಹುದು, ಮೊದಲು ಅದನ್ನು ಹುಡುಕಬೇಕು. ಮಂಡಿಗೆ ಗ್ಲುಕೋಸಮೈನ್ ಮೇಲೆ ನನಗೆ ನಂಬಿಕೆ ಇಲ್ಲ, ಕುರ್ಚಿ ಅದಕ್ಕಿಂತ ವಾಸಿ. ಆನ್‌ಲೈನಿನಲ್ಲಿ ಸಿಗುವ ಭಸ್ಮ, ರಸೌಷಧಿಗಳ ಹತ್ತಿರ ಹೋಗಬೇಡಿ. ಆನ್‌ಲೈನಿನಲ್ಲಿ ಮಾರುತ್ತಿದ್ದ 193 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದಾಗ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು.

ಹೆಜ್ಜೆ 8: 12 ವಾರಕ್ಕೆ ಮತ್ತೆ ಅಳೆದು, ನೆಲದಿಂದ ಏಳುವುದನ್ನು ಶುರು ಮಾಡಿ

ಕ್ಯಾಲೆಂಡರಿನಲ್ಲಿ ವ್ಯಾಯಾಮದ ದಿನಕ್ಕೆ ಒಂದು ಅಡ್ಡಗೆರೆ ಹಾಕಲು ಹೇಳಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರೇ ಆಗುತ್ತೆ. ಫೋನಿನಲ್ಲಿ "ಮಾಡಿದ್ಯಾಮ್ಮ?" ಅಂತ ಕೇಳಿದರೆ "ಹೂಂ" ಅನ್ನುತ್ತಾರೆ, ಅದಕ್ಕಿಂತ ವಾರಕ್ಕೆ ಎರಡು ಸಲ ವಿಡಿಯೋ ಕಾಲ್ ಮಾಡಿ ಜೊತೆಗೆ ನೀವೂ ಕುರ್ಚಿ ಹಾಕಿಕೊಳ್ಳಿ. 12 ವಾರಕ್ಕೆ ಐದು ಸಲದ ಪರೀಕ್ಷೆ ಮತ್ತೆ ಮಾಡಿ. ಅಮ್ಮನ "0" ಹೋಗಿ 15 ಸೆಕೆಂಡ್ ಬಂತು, ಇನ್ನೊಂದು 12 ವಾರಕ್ಕೆ 12. ಅಪ್ಪ 10.

ಅದಾದ ಮೇಲಿನದು ನೆಲ. ಬಿದ್ದಾಗ ಮೂಳೆ ಮುರಿಯದಿದ್ದರೂ ಏಳಲು ಬರದೆ ಗಂಟೆಗಟ್ಟಲೆ ಬಿದ್ದಿರುವವರಿದ್ದಾರೆ. ಮಂಡಿ ಬದಲಾಯಿಸಿಕೊಂಡವರು ಇದನ್ನು ಫಿಸಿಯೋಥೆರಪಿಸ್ಟ್ ಎದುರೇ ಕಲಿಯಲಿ. ಉಳಿದವರು ನೆಲಕ್ಕೆ ದಪ್ಪ ಹಾಸಿಗೆ ಹಾಕಿ, ಪಕ್ಕದಲ್ಲಿ ಗಟ್ಟಿ ಕುರ್ಚಿ ಇಟ್ಟು, ಒಬ್ಬರು ಹತ್ತಿರ ನಿಂತು ಮಾಡಿಸಬೇಕು. ಮೊದಲು ಪಕ್ಕಕ್ಕೆ ಹೊರಳಿ, ಮೊಣಕೈ ಊರಿ ಕೂರುವುದು. ಎರಡನೆಯದು ನಾಲ್ಕೂ ಕಾಲಿನ ಮೇಲೆ, ಮಗು ಅಂಬೆಗಾಲಿಟ್ಟ ಹಾಗೆ ಬಂದು, ಕುರ್ಚಿ ಹತ್ತಿರ ಸರಿಯುವುದು. ಮೂರನೆಯದು ಎರಡೂ ಕೈ ಕುರ್ಚಿ ಮೇಲಿಟ್ಟು, ಬಲ ಇರುವ ಕಾಲಿನ ಪಾದವನ್ನು ಮುಂದೆ ಊರುವುದು. ನಾಲ್ಕನೆಯದು ಆ ಕಾಲಿನ ಬಲದಲ್ಲಿ ಎದ್ದು, ತಿರುಗಿ ಕುರ್ಚಿಯಲ್ಲಿ ಕೂರುವುದು. ಕೂತ ಮೇಲೆ ಒಂದು ನಿಮಿಷ ಸುಮ್ಮನಿರಬೇಕು, ಬಿಪಿ ಮಾತ್ರೆ ತಗೊಳ್ಳುವವರಿಗೆ ತಲೆ ತಿರುಗುತ್ತೆ.

ಅಮ್ಮ ಮೂರನೆಯದರ ತನಕ ಬಂದಿದ್ದಾಳೆ. ನಾಲ್ಕನೆಯದಕ್ಕೆ ಅಪ್ಪನ ಹೆಗಲು ಇನ್ನೂ ಬೇಕು. "ಈ ಸಲ ಗೌರಿ ಹಬ್ಬಕ್ಕೆ ನೆಲದ ಪಂಕ್ತಿಯಲ್ಲೇ ಕೂತು ಊಟ ಮಾಡ್ತೀನಿ ನೋಡ್ತಿರು" ಅಂದಿದ್ದಾಳೆ. ನಾನಂತೂ ಪಕ್ಕದಲ್ಲಿ ಒಂದು ಕುರ್ಚಿ ಇಟ್ಟಿರುತ್ತೇನೆ.